ಉಳಿಯ ಗುರುತುಗಳು

ಹಳೆಯ ಮನೆಯೊಂದರ ಅಟ್ಟ ಹತ್ತಿ, ಮಾಡಿನ ಒಳಮೈಗೆ ಟಾರ್ಚು ಹಿಡಿದು ನಿಧಾನವಾಗಿ ನೋಡಿದರೆ, ಹಂಚನ್ನು ಹೊರುವ ಇಳಿಜಾರಿನ ಮರವಾದ ಪ್ರತಿ ಪಕಾಸಿನ ಬುಡದಲ್ಲಿಯೂ ಅದು ಕೂರುವ ತೊಲೆಯ ಮೇಲೂ ಉಳಿಯಿಂದ ಕೊರೆದ ಸಣ್ಣ ಸಣ್ಣ ಗೀರುಗಳು ಕಾಣಿಸುತ್ತವೆ. ಒಂದು ಗೀರು, ಎರಡು ಗೀರು, ಮೂರು ಗೀರು. ಐದಕ್ಕೆ ಒಂದು ಅಡ್ಡಗೀರು. ಹತ್ತಕ್ಕೆ ಕತ್ತರಿಯ ಆಕಾರ. ಮೇಲಿನ ಮರದಲ್ಲಿ ಏಳು ಎಂದಿದ್ದರೆ ಕೆಳಗಿನದರಲ್ಲಿಯೂ ಏಳೇ ಇರಬೇಕು. ಬಡಗಿಗಳು ಮಾಡಿನ ಮರಗಳನ್ನೆಲ್ಲ ಮೊದಲು ಅಂಗಳದ ನೆಲದ ಮೇಲೆ ಜೋಡಿಸಿ ನೋಡಿ, ಎಲ್ಲ ಸಂದುಗಳೂ ಕೂಡಿಕೊಂಡವೆಂದು ಖಾತ್ರಿಯಾದ ಮೇಲೆ ಈ ಗುರುತು ಹಾಕಿ, ಮತ್ತೆ ಬಿಚ್ಚಿ, ಒಂದೊಂದನ್ನೇ ಮೇಲೇರಿಸಿ ಕೂರಿಸುತ್ತಿದ್ದರು. ಅಕ್ಷರ ಬಾರದವರು ಅಕ್ಷರ ಬಾರದವರಿಗಾಗಿಯೇ ಬರೆದ ಬರಹ ಅದು. ಗೋಡೆ ಎದ್ದು ಹಂಚು ಹೊದಿಸಿದ ಮೇಲೆ ಅದನ್ನು ಓದುವವರು ಯಾರೂ ಇರುವುದಿಲ್ಲ. ಮನೆಯವರಿಗೂ ಅದು ಅಲ್ಲಿದೆ ಎಂಬುದು ತಿಳಿದಿರುವುದಿಲ್ಲ.

ನನ್ನ ಅಜ್ಜ ಈ ಬರಹವನ್ನು ಬರೆಯುತ್ತಿದ್ದವರು. ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ, ಹೆಗಲ ಮೇಲೊಂದು ಹತ್ಯಾರುಗಳ ಚೀಲ ಹೊತ್ತು ಕೊಡಗಿಗೆ ಬಂದ ಅವರನ್ನು ಎಲ್ಲರೂ ಆಚಾರಿ ಎಂದೇ ಕರೆಯುತ್ತಿದ್ದರು. ಅವರು ಎಡಚರಾಗಿದ್ದರು. ಹಾಗಾಗಿ ಅವರು ಕೊರೆದ ಗೀರುಗಳು ನೆಟ್ಟಗೆ ನಿಲ್ಲದೆ ಸ್ವಲ್ಪ ಎಡಕ್ಕೆ ವಾಲಿರುತ್ತವೆ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನೂ ಅದೇ ಕೆಲಸಕ್ಕೆ ಇಳಿದು ನಾಪೋಕ್ಲು, ಕಕ್ಕಬ್ಬೆ, ವಿರಾಜಪೇಟೆಗಳ ಸುತ್ತ ಐವತ್ತು ವರ್ಷ ಬಾಚಿ ಬೀಸಿದರು. ಶಾಲೆ ಓದಿದ ನಾನು ಮಡಿಕೇರಿಯಲ್ಲಿ ಮೇಷ್ಟರಾದೆ. ಕೊಡಗಿನಲ್ಲಿ ಒಂದು ಬಯಲು ವಸ್ತುಸಂಗ್ರಹಾಲಯ ಬೇಕು, ಅಳಿಯುತ್ತಿರುವ ಹಳೆಯ ಮನೆಗಳನ್ನು ತಂದು ಅಲ್ಲಿ ನಿಲ್ಲಿಸಬೇಕು ಎಂಬ ಮಾತು ಗೆಳೆಯರ ನಡುವೆ ಬಂದಾಗಲೆಲ್ಲ ನಾನು ಹೌದು ಎನ್ನುವವನೇ. ಆದರೆ ಆ ಮಾತು ಮುಗಿದು ಮನೆಗೆ ಬಂದ ಮೇಲೆ ಪ್ರತಿ ಸಲವೂ ನನಗೆ 2006ರ ಬೇಸಿಗೆ ನೆನಪಾಗುತ್ತದೆ.

ಆ ವರ್ಷ ನಾಪೋಕ್ಲು ಕಡೆಯ ಒಂದು ಹಳೆಯ ಮನೆಯನ್ನು ಬಿಚ್ಚಿ ಕೊಡಬೇಕೆಂದು ಅಪ್ಪನಿಗೆ ಕರೆ ಬಂದಿತ್ತು. ಮನೆಯವರು ಬೆಂಗಳೂರು, ಮೈಸೂರುಗಳಿಗೆ ಚದುರಿಹೋಗಿದ್ದರು. ಮಾಡು ಎರಡು ಕಡೆ ಸೋರುತ್ತಿತ್ತು. ರಿಪೇರಿಗೆ ಯಾರೆಷ್ಟು ಹಣ ಹಾಕಬೇಕೆಂಬುದು ಇತ್ಯರ್ಥವಾಗದೆ ವರ್ಷಗಳು ಕಳೆದಿದ್ದವು. ಕೊನೆಗೆ ಹೊರಗಿನವರೊಬ್ಬರು ಬಂದು, ಇದನ್ನು ಇದ್ದ ಹಾಗೆಯೇ ಇನ್ನೊಂದು ಕಡೆ ಕಟ್ಟಿ ಉಳಿಸುತ್ತೇವೆ ಎಂದು ಹೇಳಿ ಮರವನ್ನೆಲ್ಲ ಕೊಂಡುಕೊಂಡರು. ಶಾಲೆಗೆ ರಜೆಯಿದ್ದುದರಿಂದ ನಾನೂ ಅಪ್ಪನ ಜೊತೆ ಹೋಗಿದ್ದೆ. ಹನ್ನೊಂದು ದಿನ ಹಿಡಿದ ಆ ಕೆಲಸದಲ್ಲಿ ಮನೆ ಕಟ್ಟುವುದನ್ನು ನಾನು ಹಿಂದುಮುಂದಾಗಿ ಕಲಿತೆ ಎಂದರೆ ತಪ್ಪಾಗದು.

ಮೊಳೆಯಿಲ್ಲದ ಮನೆಯನ್ನು ಬಿಚ್ಚುವುದೆಂದರೆ ಬೆಣೆಗಳನ್ನು ಹುಡುಕುವುದು. ಕಂಬದ ತುದಿಯಲ್ಲಿ ಕಡೆದ ನಾಲಿಗೆ ತೊಲೆಯ ತೂತಿನೊಳಗೆ ಕೂತಿರುತ್ತದೆ. ಎರಡನ್ನೂ ಕೂಡಿಸಿ ಅಡ್ಡಲಾಗಿ ಒಂದು ಗಟ್ಟಿಮರದ ಬೆಣೆ ಹೊಡೆದಿರುತ್ತಾರೆ. ಆ ಬೆಣೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಪೂರ. ಅದು ಯಾವ ಕಡೆಯಿಂದ ಒಳಹೋಗಿದೆಯೋ ಆ ಕಡೆಗೇ ಹಿಂದಿರುಗಬೇಕು. ತಪ್ಪಿದ ಕಡೆಯಿಂದ ಬಡಿದರೆ ಇನ್ನಷ್ಟು ಬಿಗಿದುಕೊಂಡು ತೊಲೆಯನ್ನೇ ಸೀಳುತ್ತದೆ. ನೂರು ವರ್ಷದ ಹೊಗೆ ಹಿಡಿದು ಕಪ್ಪಾದ ಮರದ ಮೇಲೆ ದಪ್ಪ ಯಾವುದು, ಸಪೂರ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅಪ್ಪ ಹೆಬ್ಬೆರಳಿನಿಂದ ಎರಡೂ ಬದಿ ತಡವಿ, ಒಂದು ಕಡೆ ನಾಲ್ಕು ಹನಿ ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಕಬ್ಬಿಣದ ಸುತ್ತಿಗೆಯನ್ನು ಮುಟ್ಟದೆ ಮರದ ಕೊಡತಿಯಿಂದ ಮೆಲ್ಲಗೆ ಬಡಿಯುತ್ತಿದ್ದರು. ಬೆಣೆ ಸಡಿಲವಾಗುವಾಗ ಒಂದು ಸಣ್ಣ ಕೀರಲು ದನಿ ಬರುತ್ತದೆ. ಆ ದನಿ ಕೇಳಿದ ಕೂಡಲೇ ಅವರು ಕೊಡತಿ ಕೆಳಗಿಟ್ಟು ಕೈಯಿಂದಲೇ ಎಳೆಯುತ್ತಿದ್ದರು. ತೆಗೆದ ಬೆಣೆಗಳನ್ನೆಲ್ಲ ಒಂದು ಕುಕ್ಕೆಯಲ್ಲಿ ಜೋಪಾನವಾಗಿ ಹಾಕಿದರು. ಆ ಕುಕ್ಕೆಯನ್ನು ಕೊಂಡವರ ಕಡೆಯವರು ಲಾರಿಗೆ ಹಾಕಿಕೊಳ್ಳಲಿಲ್ಲ.

ಕೊಂಡವರ ಕಡೆಯ ಹುಡುಗನೊಬ್ಬ ಬಿಳಿ ಪೇಂಟಿನ ಡಬ್ಬಿ ಹಿಡಿದು ಪ್ರತಿ ಮರದ ಮೇಲೂ ಒಂದು ನಂಬರು ಬರೆಯುತ್ತಿದ್ದ. ಪಕಾಸಿನ ಬುಡದಲ್ಲಿ ಹಳೆಯ ಬಡಗಿ ಕೊರೆದ ಹದಿನಾಲ್ಕರ ಗುರುತಿತ್ತು. ಅದರ ಪಕ್ಕದಲ್ಲೇ ಹುಡುಗ 52 ಎಂದು ಬರೆದ. ಅಪ್ಪ, “ನಂಬರು ಮರದಲ್ಲೇ ಉಂಟಲ್ಲ ಮಾರಾಯ, ನೀನು ಬೇರೆ ಯಾಕೆ ಬರೆಯುವುದು?” ಎಂದು ಕೇಳಿದರು. ಹುಡುಗನಿಗೆ ಅದು ಅರ್ಥವಾಗಲಿಲ್ಲ. ಅವನದು ತಪ್ಪಲ್ಲ, ಅವನಿಗೆ ಆ ಬರಹವನ್ನು ಯಾರೂ ಓದಿಸಿರಲಿಲ್ಲ.

ಮರ ಎರಡು ಲಾರಿಗಳಲ್ಲಿ ಹೋಯಿತು. ಹಂಚು ಬೇರೆ ಯಾರಿಗೋ ಹೋಯಿತು. ಉಳಿದದ್ದು ಗೋಡೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ತಲೆಯ ಮೇಲೆ ಮಾಡಿಲ್ಲದೆ, ಕಂಬಗಳಿದ್ದ ಕಡೆ ಗುಳಿಬಿದ್ದು ನಿಂತಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಮಡಿಕೇರಿಯಲ್ಲೇ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಿದು. ನವೆಂಬರಿನಲ್ಲಿ ಆ ದಾರಿಯಾಗಿ ಹೋದಾಗ ಗೋಡೆ ಸೊಂಟದೆತ್ತರಕ್ಕೆ ಇಳಿದಿತ್ತು. ಮರುವರ್ಷ ಅಲ್ಲೊಂದು ಮಣ್ಣಿನ ದಿಬ್ಬವಿತ್ತು, ಅದರ ಮೇಲೆ ಹುಲ್ಲು ಬೆಳೆದಿತ್ತು. ಆ ಮಣ್ಣು ಎದುರಿನ ಗದ್ದೆಯದ್ದೇ. ಗದ್ದೆಯಿಂದ ಎದ್ದು ಬಂದು ಮನೆಯಾಗಿ ನಿಂತಿದ್ದು ಮತ್ತೆ ಗದ್ದೆಯ ಕಡೆಗೇ ಹರಿದುಹೋಗಿತ್ತು.

ಕೆಲವು ವರ್ಷಗಳ ನಂತರ ಆ ಮರಗಳನ್ನು ನಾನು ಇನ್ನೊಂದು ಕಡೆ ನೋಡಿದೆ. ಪ್ರವಾಸಿಗರ ತಂಗುದಾಣವೊಂದರ ಊಟದ ಸಾಲೆಯಲ್ಲಿ ಕಂಬಗಳು ಸಿಮೆಂಟಿನ ಪೀಠಗಳ ಮೇಲೆ ನಿಂತಿದ್ದವು. ಚಾವಣಿಯ ಎತ್ತರಕ್ಕೆ ಸರಿಹೊಂದಲಿ ಎಂದು ಬುಡವನ್ನು ಕೊಯ್ದಿದ್ದರು. ಹಿರಿಯರು ಕೂರುತ್ತಿದ್ದ ಐಮರ ಕೈತೊಳೆಯುವ ಬೋಗುಣಿಗಳಿಗೆ ಹಲಗೆಯಾಗಿತ್ತು. ಮನೆಗೆ ಬಂದು ಹೇಳಿದಾಗ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು: “ಬೆಣೆ ಹಾಕಿದ್ದಾರಾ, ಬೋಲ್ಟು ಹಾಕಿದ್ದಾರಾ?” ಬೋಲ್ಟು ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಆ ತಂಗುದಾಣಕ್ಕೂ ಒಂದು ಒಳ್ಳೆಯ ವಸ್ತುಸಂಗ್ರಹಾಲಯಕ್ಕೂ ಅಜಗಜಾಂತರವಿದೆ ಎಂಬುದು ನನಗೆ ಗೊತ್ತು. ಮನೆಗಳನ್ನು ಬಿಚ್ಚಿ ತಂದು ಬಯಲಲ್ಲಿ ಕಟ್ಟಿ ಉಳಿಸುವ ಯೋಚನೆ ಹುಟ್ಟಿದ್ದು ಪ್ರೀತಿಯಿಂದ. ಸ್ವೀಡನ್ನಿನ ಆರ್ಟರ್ ಹಾಸೆಲಿಯಸ್ 1872ರಲ್ಲಿ ಡಾಲಾರ್ನಾ ಎಂಬ ಸೀಮೆಯ ಹಳ್ಳಿಗಳಲ್ಲಿ ಸುತ್ತಾಡುವಾಗ, ಹಳ್ಳಿಗರ ಉಡುಪು, ಪಾತ್ರೆ, ಪೀಠೋಪಕರಣಗಳೆಲ್ಲ ಕಣ್ಣೆದುರೇ ಮಾಯವಾಗುತ್ತಿರುವುದನ್ನು ಕಂಡು ಸಂಗ್ರಹಿಸಲು ತೊಡಗಿದ. ವಸ್ತುಗಳನ್ನು ಮಾತ್ರ ತಂದಿಟ್ಟರೆ ಸಾಲದು, ಅವು ಇದ್ದ ಮನೆಯೇ ಬೇಕು ಎಂದು ಅವನಿಗೆ ಅನ್ನಿಸಿತು. ಮೂರಾ ಎಂಬ ಊರಿನ ಒಂದು ಮರದ ಮನೆಯನ್ನು 1885ರಲ್ಲೇ ಕೊಂಡಿಟ್ಟುಕೊಂಡಿದ್ದ ಅವನು, 1891ರಲ್ಲಿ ಸ್ಟಾಕ್‌ಹೋಮಿನ ಒಂದು ಗುಡ್ಡದ ಮೇಲೆ ಅದನ್ನೂ ಇತರ ಮನೆಗಳನ್ನೂ ನಿಲ್ಲಿಸಿ ಜನರಿಗೆ ತೆರೆದ. ಹಿಂದೊಂದು ಚಿಕ್ಕ ಕೋಟೆಕಟ್ಟು ಇದ್ದ ಗುಡ್ಡವಾದ್ದರಿಂದ ಅದಕ್ಕೆ ಸ್ಕಾನ್ಸೆನ್ ಎಂದೇ ಹೆಸರಾಯಿತು. ಪಕ್ಕದ ನಾರ್ವೆಯಲ್ಲಿ ಎರಡನೆಯ ಆಸ್ಕರ್ ದೊರೆ 1881ರಲ್ಲೇ ಓಸ್ಲೋ ಬಳಿ ಇಂಥದ್ದೊಂದು ಸಂಗ್ರಹವನ್ನು ಆರಂಭಿಸಿದ್ದ. ಗೋಲ್ ಎಂಬ ಊರಿನ ಮರದ ಚರ್ಚನ್ನು ಬಿಚ್ಚಿ ತಂದು ಅಲ್ಲಿ ಕಟ್ಟಿಸಿದ್ದ. ಹಾಸೆಲಿಯಸ್ ಮಾಡಿದ ಹೊಸತೆಂದರೆ ಮನೆಗಳೊಳಗೆ ಮನುಷ್ಯರನ್ನು ತಂದದ್ದು. ನೂಲುವವರು, ನೇಯುವವರು, ಒಲೆ ಉರಿಸುವವರು, ಹಬ್ಬ ಮಾಡುವವರು ಅಲ್ಲಿದ್ದರು. ಇವತ್ತಿಗೂ ಪೂರ್ವ ಯುರೋಪಿನ ಹಲವು ಭಾಷೆಗಳಲ್ಲಿ ಬಯಲು ವಸ್ತುಸಂಗ್ರಹಾಲಯಕ್ಕೆ ಸ್ಕಾನ್ಸೆನ್ ಎಂದೇ ಹೆಸರು.

ಈ ಚರಿತ್ರೆಯಲ್ಲಿ ನನ್ನ ಗಮನ ಸೆಳೆದದ್ದು ಒಬ್ಬ ಬಡಗಿಯ ಮೊಮ್ಮಗನ ಗಮನ ಸೆಳೆಯಬೇಕಾದ ಸಂಗತಿ. ಆ ದೇಶಗಳ ಹಳ್ಳಿಮನೆಗಳು ಬುಡದಿಂದ ತುದಿಯವರೆಗೆ ಮರದವು. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಕಟ್ಟಿದ ಗೋಡೆ; ಗೋಡೆಯೂ ಮರವೇ. ಹಾಗಾಗಿ ಅದನ್ನು ಬಿಚ್ಚಬಹುದು, ಗಾಡಿಗೆ ಹೇರಬಹುದು, ಇನ್ನೊಂದೆಡೆ ಪೇರಿಸಬಹುದು. ಬಿಚ್ಚಿದ್ದೂ ಕಟ್ಟಿದ್ದೂ ಹೆಚ್ಚುಕಡಿಮೆ ಅದೇ ಮನೆಯಾಗಿರುತ್ತದೆ. ನಮ್ಮ ಮನೆ ಹಾಗಲ್ಲ. ಅದರಲ್ಲಿ ಅರ್ಧ ಮರ, ಅರ್ಧ ಮಣ್ಣು. ಮರವನ್ನು ಲಾರಿಗೆ ಹಾಕಬಹುದು, ಮಣ್ಣಿನ ಗೋಡೆಯನ್ನು ಹಾಕಲಾಗುವುದಿಲ್ಲ. ಹೊಸ ಜಾಗದಲ್ಲಿ ಹೊಸ ಮಣ್ಣಿನಿಂದ, ಅಥವಾ ಇಟ್ಟಿಗೆಯಿಂದ, ಹೊಸ ಕೈಗಳು ಗೋಡೆ ಎಬ್ಬಿಸಬೇಕು. ಮಣ್ಣನ್ನು ತುಳಿದು, ಕಲಸಿ, ಹದ ನೋಡಿ, ವರಸೆ ವರಸೆಯಾಗಿ ಒಣಗಿಸುತ್ತ ಗೋಡೆ ಏರಿಸುವುದು ಬಲ್ಲವರಿದ್ದರೆ ಅದೂ ಮನೆಯೇ ಆದೀತು. ಇಲ್ಲದಿದ್ದರೆ ಹಳೆಯ ಮರ ತೊಟ್ಟ ಹೊಸ ಕಟ್ಟಡವಾದೀತು. ಹೀಗಾಗಿ ನಮ್ಮಲ್ಲಿ ಮನೆಯನ್ನು ಉಳಿಸುವ ಪ್ರಶ್ನೆ ಮನೆ ಕಟ್ಟಬಲ್ಲವರನ್ನು ಉಳಿಸುವ ಪ್ರಶ್ನೆಯಿಂದ ಬೇರೆಯಾಗಲಾರದು.

ನಮ್ಮ ದೇಶದಲ್ಲಿ ಈ ಕೆಲಸವನ್ನು ಮಾಡಿದ ದೊಡ್ಡವರಿಗೆ ಇದು ಚೆನ್ನಾಗಿ ತಿಳಿದಿತ್ತು. ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು, ಬೀಳುತ್ತಿದ್ದ, ಒಡೆಯುತ್ತಿದ್ದ ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಟ್ರಸ್ಟಿನ ಮೂಲಕ ಒಂದು ಪರಂಪರೆಯ ಗ್ರಾಮವನ್ನೇ ನಿಲ್ಲಿಸಿ 2017ರಲ್ಲಿ ತೀರಿಕೊಂಡರು. ಕರಾವಳಿಯ ಮಿಯಾರು ಮನೆಯಿಂದ ಉತ್ತರದ ಕುಕನೂರಿನ ಕಮಲ ಮಹಲಿನವರೆಗೆ ಅಲ್ಲಿರುವುದನ್ನು ನೋಡಿದಾಗ, ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇಷ್ಟು ಸಾಧ್ಯವೇ ಎಂದು ಮೂಕನಾಗಿ ನಿಂತಿದ್ದೆ. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ದಕ್ಷಿಣದ ನಾನಾ ಸೀಮೆಗಳ ಮನೆಗಳಿವೆ. ಒಡೆಯಲೆಂದು ಬಿಟ್ಟಿದ್ದ ಮನೆಗಳನ್ನು ಕೊಂಡು, ಆಯಾ ಸೀಮೆಯ ಕುಶಲಕರ್ಮಿಗಳನ್ನೇ ಕರೆಸಿ ಕಟ್ಟಿಸಿದ್ದಾರೆ. ಇಳಕಲ್ಲಿನ ನೇಕಾರರ ಮನೆಯೂ ಅಲ್ಲಿದೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಒಕ್ಕಲುತನದ ಒಂದೊಂದು ಸಾಮಾನನ್ನೂ ಕೂಡಿಟ್ಟಿದ್ದಾರೆ. ಕೊಯ್ಲು, ಕಣ, ಅಡುಗೆಯ ವಸ್ತುಗಳ ಮುಂದೆ ನಮ್ಮ ಶಾಲೆಯ ಮಕ್ಕಳನ್ನು ನಿಲ್ಲಿಸಿ ನಾನೇ ಎರಡು ಸಲ ಪಾಠ ಮಾಡಿದ್ದೇನೆ.

ಆದರೆ ಮನೆಯ ವಿಷಯದಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಭೋಪಾಲದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ. ಶಾಮಲಾ ಬೆಟ್ಟದ ಮೇಲೆ ಸುಮಾರು 200 ಎಕರೆಯಲ್ಲಿ ಹರಡಿರುವ ಆ ಜಾಗದಲ್ಲಿ ಬುಡಕಟ್ಟುಗಳ ಮನೆಗಳನ್ನು ಆಯಾ ಜನರೇ ಬಂದು ತಮ್ಮ ಕೈಯಾರೆ ಕಟ್ಟಿದ್ದಾರೆ. ಹುಲ್ಲು ಹಳತಾದಾಗ, ಗೋಡೆ ಬಿರುಕು ಬಿಟ್ಟಾಗ ಅವರನ್ನೇ ಮತ್ತೆ ಕರೆಸುತ್ತಾರೆ. ಅಂದರೆ ಅಲ್ಲಿ ಉಳಿಯುತ್ತಿರುವುದರಲ್ಲಿ ಮನೆಯಷ್ಟೇ ಪಾಲು ಅದನ್ನು ಮತ್ತೆ ಮತ್ತೆ ಕಟ್ಟುವ ವಿದ್ಯೆಗೂ ಇದೆ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುವ ಕ್ರಮ ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಕಳೆದ ಬಾರಿ ಕಟ್ಟಿದ್ದು 2013ರಲ್ಲಿ. ಒಬ್ಬ ಬಡಗಿ ತನ್ನ ಯೌವನದಲ್ಲಿ ಸಹಾಯಕನಾಗಿ, ನಡುವಯಸ್ಸಿನಲ್ಲಿ ಮೇಸ್ತ್ರಿಯಾಗಿ, ಮುಪ್ಪಿನಲ್ಲಿ ಹೇಳಿಕೊಡುವವನಾಗಿ ಆ ಕೆಲಸವನ್ನು ಕಾಣಬಲ್ಲ. ಅಲ್ಲಿ ಹಳೆಯ ಮರ ಒಂದೂ ಇಲ್ಲ, ಆದರೂ ಅದಕ್ಕಿಂತ ಹಳೆಯದು ಬೇರೆ ಯಾವುದಿದೆ?

ಇನ್ನು ಕೊಡಗಿನ ಮಾತು. ಇಲ್ಲಿ ಹಳೆಯ ಮನೆ ಎಂದ ಕೂಡಲೇ ಎಲ್ಲರ ಕಣ್ಣೆದುರಿಗೆ ಬರುವುದು ಐನ್‌ಮನೆ, ಎಂದರೆ ಕುಲದವರೆಲ್ಲರ ಮೂಲಮನೆ. ಒಕ್ಕಗಳೆನ್ನುವ ಕೊಡವರ ಕುಲಗಳಿಗೂ ಅರೆಭಾಷೆ ಗೌಡರ ಕುಟುಂಬಗಳಿಗೂ ಇತರ ಕೆಲವು ಮೂಲನಿವಾಸಿ ಜನಾಂಗಗಳಿಗೂ ಐನ್‌ಮನೆಗಳಿವೆ. ಹೊರಗಿನವರಿಗೆ ಅದೊಂದು ಚೆಂದದ ಕಟ್ಟಡವಾಗಿ ಕಾಣುತ್ತದೆ: ಕೆತ್ತನೆಯ ಕಂಬಗಳ ಜಗಲಿಯಾದ ಕೈಯಾಲೆ, ಕಂಬಗಳ ನಡುವೆ ಕೂರಲು ಅಗಲವಾದ ಐಮರ, ಒಳಗೆ ದೀಪ ಉರಿಯುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆ, ಒಂದು ಮೂಲೆಯಲ್ಲಿ ಹಿರಿಯರನ್ನು ನೆನೆಯುವ ಕೋಣೆಯಾದ ಕನ್ನಿಕೋಂಬರೆ, ಅಂಗಳವನ್ನು ನಾಲ್ಕು ಕಡೆಯಿಂದ ಸುತ್ತಿದ ಮುಂದ್ ಮನೆಯಾದರೆ ನಡುವೆ ಬೆಳಕು ಸುರಿಯುವ ತೊಟ್ಟಿ. ಆದರೆ ಬಡಗಿಯ ಮನೆಯವರಾಗಿ ಹಿಂದಿನ ಬಾಗಿಲಿನಿಂದ ಒಳಹೋಗಿ ನೋಡಿದ ನಮಗೆ ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೇ ಕಷ್ಟ. ಮಣ್ಣಿನ ದಿಣ್ಣೆಗಳ ನಡುವೆ ಸಾಗುವ ಓಣಿಯಲ್ಲಿ ಅದು ಆರಂಭವಾಗುತ್ತದೆ. ಒಕ್ಕದ ಮೂಲಪುರುಷನಾದ ಗುರುಕಾರಣನಿಗೆ ನಡೆದುಕೊಳ್ಳುವ ಸಣ್ಣ ಗುಡಿ, ಕೈಮಡ, ಅದರದ್ದೇ ಭಾಗ. ಎದುರಿನ ಗದ್ದೆಯೂ ಅದರದ್ದೇ. ಹುತ್ತರಿಯ ರಾತ್ರಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡಿದ ಗಳಿಗೆಗೆ, ಒಕ್ಕದವರೆಲ್ಲ ಸಾಲಾಗಿ ಗದ್ದೆಗೆ ಇಳಿದು, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಕೊಯ್ದ ಹೊಸ ತೆನೆಯನ್ನು ಮನೆಯೊಳಗೆ ತಂದು ಕಟ್ಟುತ್ತಾರೆ. ಆ ತೆನೆಯನ್ನು ಕಟ್ಟುವ ಕಂಬವನ್ನು ಲಾರಿಯಲ್ಲಿ ಹೇರಿಕೊಂಡು ಹೋಗಬಹುದು. ತೆನೆ ಬೆಳೆಯುವ ಗದ್ದೆಯಿಂದ ಆ ಕಂಬಕ್ಕಿರುವ ಐವತ್ತು ಹೆಜ್ಜೆಗಳ ದಾರಿಯನ್ನು ಹೇರಿಕೊಂಡು ಹೋಗುವುದು ಹೇಗೆ?

ಸ್ಮಾರಕವನ್ನು ಅದು ನಿಂತ ನೆಲೆಯಿಂದಲೂ ಅದು ಸಾಕ್ಷಿಯಾದ ಚರಿತ್ರೆಯಿಂದಲೂ ಬೇರ್ಪಡಿಸಬಾರದು, ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದಾಗ, ಇಲ್ಲವೇ ದೇಶದ ಅಥವಾ ಜಗತ್ತಿನ ಅತಿ ದೊಡ್ಡ ಹಿತಕ್ಕಾಗಿ ಮಾತ್ರ ಕದಲಿಸಬೇಕು ಎಂಬ ನಿಯಮ, ಸಂರಕ್ಷಣಾ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದಿನಲ್ಲಿಯೇ ಇದೆ. ಐನ್‌ಮನೆಗಳ ಮಟ್ಟಿಗೆ ನಾನು ಅದನ್ನು ಅಕ್ಷರಶಃ ಪಾಲಿಸಬೇಕೆನ್ನುವವನು. ಒಕ್ಕದ ಒಬ್ಬರಾದರೂ ವರ್ಷಕ್ಕೆ ಮೂರು ಸಲ ಬಂದು ದೀಪ ಹಚ್ಚುವವರೆಗೆ ಆ ಮನೆ ಅಲ್ಲಿಯೇ ಇರಬೇಕು. ಅದಕ್ಕೆ ಬೇಕಾದದ್ದು ಸೋರುವ ಕಡೆ ಒಂದು ಹಂಚು, ಕೊಳೆತ ಕಡೆ ಒಂದು ಪಕಾಸು, ಅದನ್ನು ಹಾಕಬಲ್ಲ ಒಬ್ಬ ಬಡಗಿ. ಈ ಮೂರರಲ್ಲಿ ಹಂಚು ಇನ್ನೂ ಸಿಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡುಗಳು ಕ್ರಮೇಣ ಹಂಚಿಗೆ ತಿರುಗಿದವು. ಆ ಹಂಚು ಇಂದಿಗೂ ಘಾಟಿ ಹತ್ತಿ ಬರುತ್ತಿದೆ. ಹಲಸು, ಹೆಬ್ಬಲಸಿನ ಮರವನ್ನು ಕಷ್ಟಪಟ್ಟರೆ ಹೊಂದಿಸಬಹುದು. ಬಡಗಿ ಮಾತ್ರ ಸಿಗುತ್ತಿಲ್ಲ. ಕೊಡವರ ಮನೆಗಳಿಗೆ ಮರ ಮತ್ತು ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದ ಐರಿಗಳ ಮಕ್ಕಳೂ ನಮ್ಮಂಥವರ ಮಕ್ಕಳೂ ಬೇರೆ ಉದ್ಯೋಗ ಹಿಡಿದಿದ್ದೇವೆ. ಇದನ್ನು ಬರೆಯುವಾಗ ನನ್ನ ಕೈಗಳನ್ನೇ ನಾನು ನೋಡಿಕೊಳ್ಳುತ್ತೇನೆ. ಉಳಿ ಹಿಡಿದ ದಡ್ಡು ಅವುಗಳ ಮೇಲಿಲ್ಲ.

ಐನ್‌ಮನೆಗಾದರೂ ಹೇಳಿಕೊಳ್ಳುವವರಿದ್ದಾರೆ. ಅರಮನೆಗಳನ್ನು ಸರಕಾರ ನೋಡಿಕೊಳ್ಳುತ್ತದೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇಂದಿಗೂ ನಿಂತಿದೆ. ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಾಗ ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದೆ. ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಆದರೆ ಯರವರ, ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳಲ್ಲಿ ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಕಾಡಿನ ಹುಲ್ಲು ಹೊದಿಸಿ ಕಟ್ಟುತ್ತಿದ್ದ ಗುಡಿಸಲು ಎಲ್ಲಿದೆ? ಅದನ್ನು ಕೆಲವೇ ವರ್ಷಗಳ ಬಾಳಿಕೆಗೆಂದು ಕಟ್ಟುತ್ತಿದ್ದರು. ಕಟ್ಟಿದವರೇ ಅದನ್ನು ಬಿಟ್ಟು, ಸ್ವಲ್ಪ ಆಚೆ ಇನ್ನೊಂದನ್ನು ಕಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಕೊಂಡುತರಲು ಹಳೆಯ ಗುಡಿಸಲು ಎಂಬುದೇ ಇಲ್ಲ. ಇರುವುದು ಕಟ್ಟಿ ಗೊತ್ತಿರುವ ಮುದುಕರು ಮಾತ್ರ. ಯಾವ ಬಿದಿರನ್ನು ಯಾವ ಕಾಲದಲ್ಲಿ ಕಡಿದರೆ ಹುಳ ಬೀಳುವುದಿಲ್ಲ, ಯಾವ ಬಳ್ಳಿಯಿಂದ ಕಟ್ಟಿದರೆ ಮಳೆಗೆ ಬಿಗಿಯುತ್ತದೆ, ಹುಲ್ಲನ್ನು ಎಷ್ಟು ಓರೆಗೆ ಹಾಸಿದರೆ ನೀರು ನಿಲ್ಲದೆ ಜಾರುತ್ತದೆ ಎಂಬುದನ್ನು ಬಲ್ಲವರು ಹಾಡಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ. ಉಳಿದವರೆಲ್ಲ ಈಗ ಸಿಮೆಂಟಿನ ಮನೆಯಲ್ಲಿದ್ದಾರೆ, ಅಥವಾ ತೋಟದ ಲೈನ್ ಮನೆಯಲ್ಲಿದ್ದಾರೆ. ಗಟ್ಟಿ ಮನೆ ಅವರಿಗೆ ಸಿಗಲೇಬೇಕಿತ್ತು. ಸೋರುವ ಗುಡಿಸಲಿನಲ್ಲೇ ಅವರು ಇರಲಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆ ವಿದ್ಯೆಗೆ ಒಂದು ಗೌರವದ ಜಾಗವೂ ಒಂದು ಒಳ್ಳೆಯ ಸಂಬಳವೂ ಬೇಕೆಂಬುದಷ್ಟೇ ನನ್ನ ಮಾತು. ಮೇದರ ಕುಕ್ಕೆ, ಮೊರ, ನಾಟಿಯ ಹೆಂಗಸರು ಮಳೆಗೆ ಹೊದ್ದುಕೊಳ್ಳುತ್ತಿದ್ದ ಗೊರಬೆ, ಇವುಗಳ ಕಥೆಯೂ ಇದೇ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ ಮನೆ ಎಂಬುದು ಒಂದು ರಾತ್ರಿಯಲ್ಲಿ ಏನಾಗಬಹುದೆಂಬುದನ್ನು ನಾವೆಲ್ಲ ಕಂಡೆವು. ನಮ್ಮ ಶಾಲೆಯ ಹುಡುಗಿಯೊಬ್ಬಳು ಪರಿಹಾರ ಕೇಂದ್ರದಲ್ಲಿ ತನ್ನ ಮನೆಯ ಚಿತ್ರ ಬರೆದು ತೋರಿಸಿದಳು. ಬಾಗಿಲು, ಕಿಟಕಿ, ಹಂಚಿನ ಮಾಡು, ಎಲ್ಲ ಮಕ್ಕಳು ಬರೆಯುವಂಥದ್ದೇ ಚಿತ್ರ. ಆದರೆ ಅಡುಗೆಮನೆಯ ಅಟ್ಟಕ್ಕೆ ಹತ್ತುವ ಏಣಿಯ ಮೆಟ್ಟಿಲುಗಳನ್ನು ಅವಳು ಎಣಿಸಿ ಬರೆದಿದ್ದಳು, ಆರು. ಮೂರನೆಯದು ಅಲುಗಾಡುತ್ತಿತ್ತು ಎಂದಳು. ಆ ಮನೆಯ ಅಳತೆ, ನಕ್ಷೆ, ಫೋಟೊ ಯಾವುದೂ ಎಲ್ಲಿಯೂ ಇರಲಿಲ್ಲ. ಹೊಸ ಜಾಗಗಳಲ್ಲಿ ಒಂದೇ ಅಳತೆಯ ಮನೆಗಳು ಸಾಲಾಗಿ ಎದ್ದವು. ಬೇಕಾಗಿದ್ದಾಗ ಬೇಕಾದದ್ದು ಸಿಕ್ಕಿತು, ಅದಕ್ಕೆ ನಾನು ಕೃತಜ್ಞ. ಆದರೆ ಬಯಲು ವಸ್ತುಸಂಗ್ರಹಾಲಯವೊಂದು ಇದ್ದು, ಅದರ ಜನ ಊರೂರಿಗೆ ಹೋಗಿ ಮನೆಗಳನ್ನು ಅಳೆದು, ಬರೆದು ಇಟ್ಟಿದ್ದರೆ, ಆ ಏಣಿಯಾದರೂ ಕಾಗದದ ಮೇಲೆ ಉಳಿಯುತ್ತಿತ್ತು. ಮನೆಯನ್ನು ಬಿಚ್ಚಿ ತರುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಇದು, ಖರ್ಚೂ ಕಡಿಮೆ.

ಹಾಗಾದರೆ ನನಗೆ ಬೇಕಾದ ವಸ್ತುಸಂಗ್ರಹಾಲಯ ಹೇಗಿರಬೇಕು? ಅಲ್ಲಿ ಮೊದಲ ದಿನ ಒಂದೂ ಮನೆ ಇರಬಾರದು. ಒಂದು ಗದ್ದೆ, ಒಂದು ಬಿದಿರಿನ ಮೆಳೆ, ಮರ ಕೊಯ್ಯುವ ಒಂದು ಚಪ್ಪರ ಇರಲಿ. ಮೊದಲ ಬೇಸಿಗೆಯಲ್ಲಿ ಹಾಡಿಯ ಹಿರಿಯರೊಬ್ಬರು ತಮ್ಮ ಮೊಮ್ಮಕ್ಕಳ ಜೊತೆ ಬಂದು ಒಂದು ಗುಡಿಸಲು ಕಟ್ಟಲಿ, ಅದನ್ನು ಕಟ್ಟುವುದನ್ನೇ ನಾವು ಟಿಕೆಟು ಕೊಟ್ಟು ನೋಡೋಣ. ಆಮೇಲೆ ಮಣ್ಣಿನ ಗೋಡೆಯ ಒಂದು ಒಕ್ಕಲು ಮನೆ. ನಿಜವಾಗಿಯೂ ಅನಾಥವಾದ, ದೀಪ ಹಚ್ಚುವವರೇ ಇಲ್ಲದ ಒಂದು ಮನೆಯ ಮರ ಸಿಕ್ಕಿದರೆ, ಅದರ ಕುಕ್ಕೆಯ ಬೆಣೆಗಳ ಸಮೇತ ಅದನ್ನು ತಂದು, ಮೂರು ನಾಲ್ಕು ವರ್ಷ ತೆಗೆದುಕೊಂಡು, ಕಲಿಯುವ ಹುಡುಗರ ಕೈಯಿಂದಲೇ ಕಟ್ಟಿಸಲಿ. ಕಟ್ಟಿದ ಮನೆಗಳಲ್ಲಿ ದಿನವೂ ಒಲೆ ಉರಿಯಬೇಕು. ಇದು ಚೆಂದಕ್ಕೆ ಹೇಳುವ ಮಾತಲ್ಲ. ನಾಲ್ಕು ತಿಂಗಳು ಬಟ್ಟೆ ಒಣಗದ ಈ ಸೀಮೆಯಲ್ಲಿ ಒಲೆಯ ಹೊಗೆಯೇ ಮಾಡಿನ ಮರವನ್ನು ಹುಳದಿಂದಲೂ ಬೂಷ್ಟಿನಿಂದಲೂ ಕಾಯುತ್ತಿದ್ದುದು. ಬೀಗ ಹಾಕಿದ ಮನೆ ಮೊದಲು ಸಾಯುವುದು ಹೊಗೆಯಿಲ್ಲದೆ. ಅಲ್ಲಿ ಕಲಿತವರು ಮಳೆಗಾಲ ಮುಗಿದ ಮೇಲೆ ಊರೂರಿನ ಐನ್‌ಮನೆಗಳಿಗೆ ಹೋಗಿ ಮಾಡು ಹತ್ತಿ ರಿಪೇರಿ ಮಾಡಿ ಬರಬೇಕು. ವಸ್ತುಸಂಗ್ರಹಾಲಯದ ನಿಜವಾದ ಸಂಗ್ರಹ ಜಿಲ್ಲೆಯ ತುಂಬ, ತಾನು ನಿಂತಲ್ಲೇ ನಿಂತಿರಬೇಕು.

ಕಳೆದ ಫೆಬ್ರವರಿಯಲ್ಲಿ ಕಕ್ಕಬ್ಬೆ ಬಳಿಯ ಗೆಳೆಯನೊಬ್ಬನ ಐನ್‌ಮನೆಯಿಂದ ಅಪ್ಪನಿಗೆ ಕರೆ ಬಂತು. ಅಪ್ಪನಿಗೆ ಈಗ ಎಪ್ಪತ್ತೆಂಟು. ಏಣಿ ಹತ್ತಬಾರದೆಂದು ಮನೆಯಲ್ಲಿ ಎಲ್ಲರೂ ಹೇಳಿಯಾಗಿದೆ. ಆದರೂ ಹತ್ಯಾರುಗಳ ಚೀಲವನ್ನು ನನ್ನ ಹೆಗಲಿಗೆ ಕೊಟ್ಟು ಹೊರಟರು. ಮಳೆಗಾಲದಲ್ಲಿ ಕೊಂಬೆ ಬಿದ್ದು ಹಂಚು ಒಡೆದು, ಸೂರಿನ ಬಳಿ ಎರಡು ಪಕಾಸುಗಳ ಬುಡ ಕೊಳೆತಿತ್ತು. ಒಕ್ಕದ ಪಟ್ಟೆದಾರರಾದ, ಎಂದರೆ ಯಜಮಾನರಾದ, ಗೆಳೆಯನ ದೊಡ್ಡಪ್ಪ ಐಮರದ ಮೇಲೆ ಕೂತು, “ಆಚಾರಿ, ಇಡೀ ಮಾಡನ್ನೇ ಕಬ್ಬಿಣಕ್ಕೆ ಬದಲಾಯಿಸಿಬಿಡುವ ಅಂತ ಮಕ್ಕಳು ಹೇಳ್ತಾರೆ. ನೀವು ಏನು ಹೇಳ್ತೀರಿ?” ಎಂದು ಕೇಳಿದರು. ಅಪ್ಪ ಮೇಲೆ ಹತ್ತಿ, ಒಂದೊಂದೇ ಪಕಾಸನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಕಿವಿಯಿಟ್ಟು ಕೇಳಿ, ಇಳಿದು ಬಂದು ಹೇಳಿದರು: “ಈ ಬದಿಯಲ್ಲಿ ಹತ್ತೊಂಬತ್ತು ಪಕಾಸು ಉಂಟು ಸಾಹುಕಾರ್ರೆ. ಹದಿನೇಳು ಗಟ್ಟಿ ಉಂಟು. ಎರಡಕ್ಕೋಸ್ಕರ ಹದಿನೇಳನ್ನು ಯಾಕೆ ಇಳಿಸುವುದು?” ಹಿರಿಯರು ಸ್ವಲ್ಪ ಹೊತ್ತು ಗದ್ದೆಯ ಕಡೆ ನೋಡಿದರು. ಆಮೇಲೆ ಹೆಬ್ಬಲಸಿನ ಒಂದು ಹಳೆಯ ತುಂಡು ಕೊಟ್ಟಿಗೆಯ ಅಟ್ಟದಲ್ಲಿದೆ, ತೆಗೆಸುತ್ತೇನೆ ಎಂದರು.

ಕೊಳೆತ ಬುಡವನ್ನಷ್ಟೇ ಕೊಯ್ದು, ಹೊಸ ತುಂಡನ್ನು ಓರೆಯಾಗಿ ಕಚ್ಚು ಕೊಟ್ಟು ಬೆಸೆದು, ಬೆಣೆ ಬಡಿಯುವುದಕ್ಕೆ ಎರಡು ದಿನ ಬೇಕಾಯಿತು. ಮೇಲೇರಿಸುವ ಮುಂಚೆ ಅಪ್ಪ ನನ್ನಿಂದ ಟಾರ್ಚು ಹಿಡಿಸಿ ತೊಲೆಯ ಮೇಲಿನ ಧೂಳು ಒರೆಸಿದರು. ಅಲ್ಲಿ ಒಂದು ಅಡ್ಡಗೀರು, ಅದರ ಪಕ್ಕ ನಾಲ್ಕು ಗೀರು, ಒಂಬತ್ತು. ಎಲ್ಲವೂ ಎಡಕ್ಕೆ ವಾಲಿದ್ದವು. ಅಜ್ಜ ಈ ಮನೆಗೆ ಕೆಲಸಕ್ಕೆ ಬಂದಿದ್ದರೆಂದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತೋ ಏನೋ, ಅವರು ಏನೂ ಹೇಳಲಿಲ್ಲ. ಹೊಸ ತುಂಡನ್ನು ಮೊಣಕಾಲ ಮೇಲಿಟ್ಟುಕೊಂಡು ಉಳಿ ಎತ್ತಿ, ಅಡ್ಡಗೀರೊಂದನ್ನೂ ನಾಲ್ಕು ಗೀರುಗಳನ್ನೂ ಕೊರೆದರು. ಬಲಗೈಯವರಾದ್ದರಿಂದ ಅವು ಬಲಕ್ಕೆ ವಾಲಿದವು. ಪಕಾಸು ತೊಲೆಯ ಮೇಲೆ ಕೂತಾಗ ಒಂಬತ್ತರ ಪಕ್ಕಕ್ಕೆ ಒಂಬತ್ತು ಬಂತು. ಅಪ್ಪ ಉಳಿಯ ಬಾಯನ್ನು ಪಂಚೆಯ ಅಂಚಿನಲ್ಲಿ ಒರೆಸಿ ಚೀಲಕ್ಕೆ ಹಾಕದೆ ನನ್ನ ಕೈಗೆ ಕೊಟ್ಟು, ಇನ್ನೊಂದು ಪಕಾಸಿನ ಬುಡವನ್ನು ತೋರಿಸಿದರು.